ಕನ್ನಡಿಯಲ್ಲಿ ಅಪ್ಪನ ಮುಖ

ಬಸ್ಸಿಗೆ ಕಾದು ಕಾದು ಸುಸ್ತಾದವರೇ, ಸ್ವಲ್ಪ ಇತ್ತ ಬನ್ನಿ. ಬಂದ ಬಸ್ಸು ನಿಲ್ಲುವುದಿಲ್ಲ. ನಿಂತ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ತಡವಾಗಿ ಹೋದರೆ ಸೂಪರ್‌ವೈಸರ್ ಮುಖ ಊದಿಸಿಕೊಂಡು ಬಾಗಿಲಲ್ಲೇ ನಿಂತಿರುತ್ತಾರೆ. ನಮ್ಮ ಬುಗುರಿಯೂ ಹೀಗೇ ಒದ್ದಾಡುತ್ತಿದ್ದಳು. ಒಂದು ಕಡೆ ನಿಲ್ಲುವ ಹುಡುಗಿಯಲ್ಲ ಅವಳು, ಅದಕ್ಕೇ ಬೀದಿಯವರು ಇಟ್ಟ ಹೆಸರು ಬುಗುರಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚುವುದು ಅವಳ ಕೆಲಸ. ಇರುವುದು ಅಕ್ಕ, ಭಾವ ಮತ್ತು ಅವರ ಮಗಳು ಪುಟ್ಟಿಯ ಜೊತೆ. ಭಾವ ಲಾರಿ ಡ್ರೈವರ್. ನಾನು ಅವರ ಪಕ್ಕದ ಮನೆಯ ಟೈಲರ್.

ಒಂದು ದಿನ ಬುಗುರಿ ಹಳದಿ ಸೈಕಲ್ ತಂದಳು ನೋಡಿ, ಇಡೀ ಬೀದಿಯೇ ಅವಳದಾಯಿತು! ಹಿಂದೆ ಪುಟ್ಟಿಗೊಂದು ಸೀಟು ಕೂರಿಸಿದಳು. ಬೆಳಿಗ್ಗೆ ಮಗುವನ್ನು ಶಾಲೆಯಲ್ಲಿ ಇಳಿಸಿ, ಅಲ್ಲಿಂದ ಲಾಂಡ್ರಿಗೆ ಸವಾರಿ.

"ಟೈಲರಕ್ಕಾ! ಇವತ್ತು ಸೂಪರ್‌ವೈಸರ್‌ಗಿಂತ ಮೊದ್ಲು ನಾನೇ ಹೋಗಿದ್ದೆ! ಬೀಗ ತೆಗೀರಿ ಸಾರ್, ಯಾಕಿಷ್ಟು ಲೇಟು ಅಂತ ಕೇಳ್ದೆ!"

ಅವಳ ಖುಷಿ ಕಂಡು ಮಂಡಿನೋವಿನ ನನಗೂ ಸೈಕಲ್ ಆಸೆ ಹುಟ್ಟಿತು.

ಒಂದು ಸಂಜೆ ಪುಟ್ಟಿಗೆ ಹೊಲಿದ ಫ್ರಾಕ್ ಕೊಡಲು ಅವರ ಮನೆಗೆ ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರು. ಬುಗುರಿ ಭಾವನ ಮೇಲೆ ಮುನಿಸಿಕೊಂಡಿದ್ದಳು.

"ನಮ್ಮ ಭಾವ ದೊಡ್ಡ ಮನುಷ್ಯರಾಗ್ಬಿಟ್ರು ಟೈಲರಕ್ಕ. ರಸ್ತೇಲಿ ಸಿಕ್ಕಿದ್ರೂ ಮಾತಾಡ್ಸಲ್ಲ."

"ಎಲ್ಲಿ ಸಿಕ್ಕಿದ್ದೆ ನೀನು?" ಎಂದರು ಭಾವ.

"ಬೆಳಿಗ್ಗೆ, ಗಡಿಯಾರದ ಸರ್ಕಲ್‌ನಲ್ಲಿ. ನಿಮ್ಮ ಲಾರಿ ಸಿಗ್ನಲ್‌ಗೆ ನಿಂತಿತ್ತು. ಎಡಗಡೆ ಸಂದೀಲಿ ನುಗ್ಗಿ ಮುಂದಿನ ಬಾಗಿಲ ಪಕ್ಕಾನೇ ನಿಂತೆ. ಬೆಲ್ ಮೇಲೆ ಬೆಲ್ ಹೊಡೆದೆ. ನೀವು ಎಡಕ್ಕೆ ತಿರುಗಿಸ್ಕೊಂಡು ಹೋಗೇಬಿಟ್ರಿ! ನಾನು ಸೈಕಲ್ ಫುಟ್‌ಪಾತ್ ಮೇಲೆ ಎಳ್ಕೊಂಡೆ, ಸರಿಹೋಯ್ತು."

"ನಾನೂ ಅಪ್ಪಾ ಅಂತ ಕೂಗ್ದೆ," ಎಂದಳು ಪುಟ್ಟಿ. "ಕೈ ಬೀಸ್ದೆ. ನೀನು ನೋಡ್ಲೇ ಇಲ್ಲ."

ಭಾವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು.

"ಸಾಕು," ಎಂದಳು ಅಕ್ಕ. "ನಾಳೆಯಿಂದ ಆ ಸೈಕಲ್ ಮನೆ ಬಾಗಿಲು ದಾಟಕೂಡದು."

ಬುಗುರಿಯ ಕಣ್ಣು ತುಂಬಿತು. "ಮತ್ತೆ ಆ ಬಸ್‌ಸ್ಟಾಪಾ? ಬೇಡ ಅಕ್ಕಾ! ಭಾವ ಸರಿಯಾಗಿ ನೋಡದಿದ್ರೆ ನಾನೇನು ಮಾಡ್ಲಿ? ಅಷ್ಟಗಲ ಕನ್ನಡಿ ಇದೆ, ಹಳದಿ ಸೈಕಲ್ ಕಾಣಲ್ವಾ?"

"ಕಾಣಲ್ಲಮ್ಮ," ಎಂದರು ಭಾವ.

"ಯಾರ ಕಿವಿಗೆ ಹೂ ಇಡ್ತೀರಿ ಭಾವ? ಅಷ್ಟೆತ್ತರದಲ್ಲಿ ಕೂತವರಿಗೆ ಕಾಣದೇ ಇರುತ್ತಾ?"

"ಬೆಳಿಗ್ಗೆ ನೀನೇ ನನ್ನ ಸೀಟಲ್ಲಿ ಕೂತು ನೋಡು. ಆಮೇಲೆ ಬೈಯುವಿಯಂತೆ."

ಬೆಳಿಗ್ಗೆ ಲಾರಿ ನಿಲ್ಲಿಸುವ ಖಾಲಿ ಜಾಗಕ್ಕೆ ನಮ್ಮ ಮೆರವಣಿಗೆಯೇ ಹೋಯಿತು. ಬುಗುರಿ ಸೀಟು ಹತ್ತಿದವಳೇ ಕಿರುಚಿದಳು. "ಅಬ್ಬಬ್ಬಾ! ಇಲ್ಲಿಂದ ಊರೇ ಕಾಣುತ್ತೆ!"

ಭಾವ ಹಳದಿ ಸೈಕಲ್ ಹಿಡಿದ ಅಕ್ಕನನ್ನು ಲಾರಿಯ ಎಡಗಡೆ, ಮುಂದಿನ ಬಾಗಿಲ ಪಕ್ಕ ನಿಲ್ಲಿಸಿದರು. "ಈಗ ನಿಮ್ಮಕ್ಕ ಎಲ್ಲಿದ್ದಾಳೆ, ಹೇಳು."

ಬುಗುರಿ ಕನ್ನಡಿ ನೋಡಿದಳು, ಕಿಟಕಿ ನೋಡಿದಳು, ಕತ್ತು ಉದ್ದ ಮಾಡಿದಳು. "ಮನೆಗೆ ಹೋದ್ಲಾ?"

"ಇಲ್ಲೇ ಇದ್ದೀನಿ ಕಣೇ!"

ನನಗೆ ತಡೆಯಲಾಗಲಿಲ್ಲ. ಒಬ್ಬಳೇ ನಿಂತರೆ ಬಾಗಿಲು ತುಂಬುವ ಹೆಂಗಸು ನಾನು. ಹೋಗಿ ಅಕ್ಕನ ಪಕ್ಕ ನಿಂತೆ. ನಾನೂ ಮಾಯ! ಆ ದಾರಿಯಲ್ಲಿ ಬಂದ ಪೇಪರ್ ಹಾಕುವವರು ಸೈಕಲ್ ಸಮೇತ ಬಂದು ನಿಂತರು. ಅವರೂ ಮಾಯ! "ಇಲ್ಲಿ ಯಾರೂ ಇಲ್ಲ, ಯಾರೂ ಇಲ್ಲ!" ಎಂದು ಬುಗುರಿ ಮೇಲಿನಿಂದ ಕೂಗಿದರೆ ನಾವು ಕೆಳಗೆ ಹೊಟ್ಟೆ ಹಿಡಿದು ನಗುತ್ತಿದ್ದೆವು. ಪುಟ್ಟಿಯೂ ಓಡಿಬಂದು ನಮ್ಮ ಮುಂದೆ ನಿಂತಳು.

"ಪುಟ್ಟಿ ಎಲ್ಲಿ?" ಎಂದಳು ಬುಗುರಿ. ಈಗ ಅವಳ ದನಿಯಲ್ಲಿ ನಗು ಇರಲಿಲ್ಲ.

ಭಾವ ನಮ್ಮನ್ನೆಲ್ಲ ದೂರ ಸರಿಸಿದರು. ಮಗು ನಿಂತಿದ್ದ ಜಾಗದಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟರು. ಬುಗುರಿಯನ್ನು ಕೆಳಗಿಳಿಸಿ, ತಾವು ಸೀಟು ಹತ್ತಿ ಲಾರಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಮುಂದಿನ ಚಕ್ರ ಪೆಟ್ಟಿಗೆಯನ್ನು ಮುಟ್ಟದೆ ಮುಂದೆ ಹೋಯಿತು. ಸದ್ಯ, ಪಾರಾಯಿತು ಎಂದುಕೊಂಡೆವು. ಅಷ್ಟರಲ್ಲಿ ಹಿಂದಿನ ಚಕ್ರ ಒಳಕ್ಕೆ ಸರಿಯುತ್ತಾ ಸರಿಯುತ್ತಾ ಬಂದು ಪೆಟ್ಟಿಗೆಯನ್ನು ಅಪ್ಪಚ್ಚಿ ಮಾಡಿತು.

ಭಾವ ಇಳಿದು ಬಂದರು. "ದೊಡ್ಡ ಗಾಡಿ ತಿರುಗುವಾಗ ಹಿಂದಿನ ಚಕ್ರ ಒಳಗಡೆ ಬರುತ್ತೆ. ಪಕ್ಕದಲ್ಲಿದ್ದವರು ನನಗೆ ಕಾಣಲ್ಲ. ಇಂಜಿನ್ ಸದ್ದಲ್ಲಿ ಬೆಲ್ಲೂ ಕೇಳಲ್ಲ."

"ಹಾಗಾದ್ರೆ ಸೈಕಲ್ ಬಿಡ್ಲಾ ಭಾವ?"

"ಸೈಕಲ್ ಯಾಕೆ ಬಿಡ್ತೀಯ? ಆ ಸಂದಿಗೆ ನುಗ್ಗೋದು ಬಿಡು. ಲಾರಿ ನಿಂತಿದ್ರೆ ನೀನು ಹಿಂದೇನೇ ನಿಲ್ಲು, ಜಾಗ ಬಿಟ್ಟು. ಅದರ ಕನ್ನಡಿ ನೋಡು. ಕನ್ನಡೀಲಿ ಡ್ರೈವರ್ ಮುಖ ನಿನಗೆ ಕಂಡ್ರೆ, ಅವನಿಗೂ ನೀನು ಕಾಣ್ತೀಯ. ಕಾಣ್ಲಿಲ್ಲ ಅಂದ್ರೆ, ಅವನ ಲೆಕ್ಕಕ್ಕೆ ನೀನು ರಸ್ತೇಲೇ ಇಲ್ಲ. ಕಂಡ ಮೇಲೂ ಪಕ್ಕಕ್ಕೆ ಮಾತ್ರ ನುಗ್ಗಬೇಡ."

"ಮತ್ತೆ ನೀವು?" ಅಕ್ಕ ಗಂಡನನ್ನು ಬಿಡುವವಳಲ್ಲ. "ಎಲ್ಲ ಅವಳೇ ನೋಡ್ಕೋಬೇಕಾ?"

"ನನ್ನದೂ ಇದೆ ಮಾರಾಯ್ತಿ. ಎಡಗಡೆಗೆ ಇನ್ನೊಂದು ಗುಂಡು ಕನ್ನಡಿ ಇವತ್ತೇ ಹಾಕಿಸ್ತೀನಿ. ತಿರುಗುವಾಗ ಇಂಡಿಕೇಟರ್ ಹಾಕಿ, ನಿಧಾನಿಸಿ, ಎರಡು ಸಲ ನೋಡ್ತೀನಿ."

ಅಕ್ಕ ಅಪ್ಪಚ್ಚಿಯಾದ ಪೆಟ್ಟಿಗೆ ನೋಡಿದಳು, ತಂಗಿಯ ಮುಖ ನೋಡಿದಳು. "ಹೋಗು. ಆದ್ರೆ ಪುಟ್ಟಿ ಮೇಲೆ ಆಣೆ, ಸಂದಿಗೆ ನುಗ್ಗಬೇಡ," ಎಂದು ತಾನೇ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಳು.

ಕೆಲವು ದಿನ ಕಳೆದು, ಬೆಳಿಗ್ಗೆ ಅದೇ ಸರ್ಕಲ್. ಬುಗುರಿ ಜೊತೆ ನಾನೂ ಇದ್ದೆ, ಹೊಸದಾಗಿ ಕೊಂಡು ಕಲಿತ ನನ್ನ ಸೈಕಲ್ ಮೇಲೆ! ಮುಂದೆ ಭಾವನ ಲಾರಿ. ಎಡಗಡೆ ಸಂದಿ ಬಾ ಬಾ ಎನ್ನುತ್ತಿತ್ತು. ಬುಗುರಿ ಬ್ರೇಕ್ ಹಿಡಿದು ಹಿಂದೆಯೇ ನಿಂತಳು. ನಾನೂ ಕಾಲೂರಿದೆ. ಕನ್ನಡಿಯಲ್ಲಿ ಭಾವನ ಮುಖ ಕಂಡಿತು. ಅವರ ಕಣ್ಣು ನಮ್ಮ ಕಡೆ ತಿರುಗಿತು. ಒಂದು ಕೈ ಮೇಲೆದ್ದು ಜೋರಾಗಿ ಬೀಸಿತು.

"ಚಿಕ್ಕಮ್ಮಾ!" ಪುಟ್ಟಿ ಸೀಟಿನಲ್ಲೇ ಕುಣಿದಳು. "ಅಪ್ಪನಿಗೆ ನಾನು ಕಂಡೆ! ನಾನು ಕಂಡೆ!"

ಸೈಕಲ್ ಏರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಖುಷಿಯಾಗಿ ಏರಿ, ಹಾಡು ಹೇಳಿಕೊಂಡು ಹೋಗಿ. ಆದರೆ ನಿಂತ ಲಾರಿ, ಬಸ್ಸುಗಳ ಪಕ್ಕದ ಸಂದಿಗೆ ಮಾತ್ರ ನುಗ್ಗಬೇಡಿ. ಹಿಂದೆ ನಿಂತು, ಕನ್ನಡಿಯಲ್ಲಿ ಡ್ರೈವರ್ ಮುಖ ಹುಡುಕಿ. ದೊಡ್ಡ ಗಾಡಿ ಓಡಿಸುವ ಅಣ್ಣಂದಿರೇ, ತಿರುಗಿಸುವ ಮುನ್ನ ನೀವೂ ಇನ್ನೊಮ್ಮೆ ನೋಡಿ. ಅಲ್ಲಿ ಕೆಳಗೆ ಒಂದು ಮಗು ನಿಮಗೇ ಕೈ ಬೀಸುತ್ತಿರಬಹುದು.