ಹೇಮಕಾಂತೆಯ ಕುತ್ತಿಗೆ

ಯಾದವನ ಮುಖಕ್ಕೆ ಇನ್ನೂ ಮೂವತ್ತು ವರ್ಷ. ಕೈಗಳಿಗೆ ಇಪ್ಪತ್ತೈದು. ಕುತ್ತಿಗೆ ಮಾತ್ರ ಅವನ ನಿಜವಾದ ವಯಸ್ಸು ನಲವತ್ತನಾಲ್ಕು ಎಂದು ಎಲ್ಲರೆದುರು ಹೇಳತೊಡಗಿತ್ತು.

ಬೋಳಾರದ ಮೀನುಗಾರರ ಮನೆಯ ಈ ಮಗ ದೋಣಿ ಹತ್ತಿದ್ದು ಕಡಿಮೆ. ಚಿತ್ತರಂಜನನ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನೇ ನಾಯಕಿ. ರಾಣಿ, ರಾಜಕುಮಾರಿ, ಋಷಿಪುತ್ರಿ ಯಾರೇ ಇರಲಿ, ಸೀರೆ ಉಟ್ಟು ಮುಡಿ ಕಟ್ಟಿಕೊಂಡು ಬರುವವನು ಯಾದವ. ಊರಿನ ಹೆಂಗಸರು ಅವನ ನಡಿಗೆಯನ್ನು ನೋಡಿ ತಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಿದ್ದರು. ಅದು ತನಗೆ ಸಲ್ಲಬೇಕಾದ ಮರ್ಯಾದೆಯೆಂದೇ ಅವನು ತಿಳಿದಿದ್ದ.

ಗ್ಯಾಸ್‌ಲೈಟಿನ ಕಾಲದಲ್ಲಿ ತೊಂದರೆ ಇರಲಿಲ್ಲ. ಅವು ಮೇಲಿನಿಂದ ತೂಗುತ್ತಿದ್ದವು. ಮುಖಕ್ಕೆ ಬೆಳಕು, ಗಲ್ಲದ ಕೆಳಗೆ ಕತ್ತಲೆ. ಎರಡು ತಿಂಗಳ ಹಿಂದೆ ಮೈದಾನದ ಬಳಿಯ ತಗಡಿನ ನಾಟಕಶಾಲೆಗೆ ಕರೆಂಟು ಬಂತು. ರಂಗದ ಅಂಚಿನಲ್ಲಿ, ನಟರ ಕಾಲಬುಡದಲ್ಲಿ, ಹನ್ನೆರಡು ಬಲ್ಬುಗಳು ಸಾಲಾಗಿ ಕುಳಿತವು. ಅವು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದವು, ನೇರವಾಗಿ ಕುತ್ತಿಗೆಯನ್ನೇ.

ಹೋದ ಭಾನುವಾರ ಎರಡನೆಯ ಅಂಕದಲ್ಲಿ ರಾಜಕುಮಾರ ಹಾರ ಹಿಡಿದು ಹತ್ತಿರ ಬಂದಾಗ, ಕುರ್ಚಿಯ ಸಾಲಿನಿಂದ ಒಬ್ಬ ಶಾಂತವಾಗಿ ಹೇಳಿದ, "ಹಾರ ಹಾಕುವ ಮೊದಲು ಸ್ವಲ್ಪ ಇಸ್ತ್ರಿ ಹಾಕು ಮಾರಾಯ."

ಇಡೀ ಸಭೆ ನಕ್ಕಿತು. ರಾಜಕುಮಾರನೂ ನಕ್ಕ. ಯಾದವ ಹಾಡನ್ನು ಬಿಡದೆ ಮುಗಿಸಿದ.

ಮರುದಿನ ಬೆಳಿಗ್ಗೆ ಚಿತ್ತರಂಜನ ಅವನನ್ನು ಕರೆಸಿ ಕುಳ್ಳಿರಿಸಿದ. "ಯಾದವಣ್ಣ, ನಿಮ್ಮ ಅಭಿನಯಕ್ಕೆ ನಾನು ಎಂತದೂ ಹೇಳುವ ಹಾಗಿಲ್ಲ. ಆದರೆ ಶನಿವಾರ ಹೊಸ ನಾಟಕ. ಅದರ ನಾಯಕಿ ಹೇಮಕಾಂತೆಗೆ ಹದಿನೆಂಟು ವರ್ಷ."

"ನನಗೆ ಗೊತ್ತುಂಟು ಧಣಿ."

"ನಿಮಗೆ ಗೊತ್ತುಂಟು. ನಿಮ್ಮ ಕುತ್ತಿಗೆಗೆ ಗೊತ್ತಿಲ್ಲ. ಶುಕ್ರವಾರ ವೇಷ ಹಾಕಿ ದೀಪದ ಎದುರು ನಿಲ್ಲಿ. ನೋಡುವ. ಸರಿ ಕಾಣದಿದ್ದರೆ ಹೇಮಕಾಂತೆ ಪೌಲನಿಗೆ."

ಪೌಲ್ ಇಗರ್ಜಿಯಲ್ಲಿ ಹಾಡುತ್ತಿದ್ದ ಇಪ್ಪತ್ತೆರಡರ ಹುಡುಗ. ಕಂಪನಿಯಲ್ಲಿ ಸಖಿಯ ಪಾತ್ರ ಮಾಡುತ್ತಿದ್ದ. ಅವನ ಕುತ್ತಿಗೆಯ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ. ಅಂಥ ಕುತ್ತಿಗೆ ಅದು.

ಯಾದವ ಅಳುವವನಲ್ಲ. ಹಲ್ಲು ನೋಯುವಾಗ ಹಲ್ಲಿನ ಡಾಕ್ಟರ ಬಳಿ ಹೋಗುವ ಹಾಗೆ, ಮಂಗಳವಾರ ಅತ್ತಾವರಕ್ಕೆ ನಡೆದು ಡಾಕ್ಟರ್ ರೇಮಂಡರ ಎದುರು ಕುಳಿತು ಶಾಲು ತೆಗೆದ.

"ಇದನ್ನು ಕೊಯ್ಯಬೇಕು."

ದೊಡ್ಡ ಯುದ್ಧದಲ್ಲಿ ರೇಮಂಡರು ಬಸ್ರಾದ ಮಿಲಿಟರಿ ಆಸ್ಪತ್ರೆಯಲ್ಲಿದ್ದವರು. ಗುಂಡು ತಾಗಿ ಸೀಳಿಹೋದ ದವಡೆಗಳನ್ನು ಹೊಲಿದವರು. ಅವರು ಆಶ್ಚರ್ಯಪಡಲಿಲ್ಲ. ಎರಡು ಬೆರಳಿನಲ್ಲಿ ಸಡಿಲ ಚರ್ಮವನ್ನು ಹಿಡಿದು, ಬಟ್ಟೆಯಂಗಡಿಯಲ್ಲಿ ಸೀರೆ ನೋಡುವ ಹಾಗೆ ಉಜ್ಜಿ ನೋಡಿದರು.

"ಕೊಯ್ಯಬಹುದು. ಕಿವಿಯ ಹಿಂದೆ ಕೊಯ್ದು, ಚರ್ಮ ಮೇಲಕ್ಕೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುವುದು. ಪ್ಯಾರಿಸಿನಲ್ಲಿ ದೊಡ್ಡ ಮನೆಯ ಹೆಂಗಸರು ಮಾಡಿಸ್ತಾರೆ. ಗಾಯದ ಗುರುತು ಕೂದಲಿನ ಅಡಿಯಲ್ಲಿ ಹೋಗ್ತದೆ."

"ಹಾಗಾದರೆ ನಾಳೆ."

"ಮೂರು ವಾರ ಕುತ್ತಿಗೆ ಆಡಿಸಬಾರದು. ಹಾಡುವ ಮಾತೇ ಇಲ್ಲ."

"ಶನಿವಾರ ನಾಟಕ ಡಾಕ್ಟ್ರೇ."

"ಶನಿವಾರಕ್ಕೆ ನನ್ನಲ್ಲಿ ಮದ್ದಿಲ್ಲ."

ಯಾದವ ಏಳಲಿಲ್ಲ. "ಮುಂಬಯಿಯಲ್ಲಿ ಮೇಣ ಕರಗಿಸಿ ಸೂಜಿಯಲ್ಲಿ ಚರ್ಮದೊಳಗೆ ಹಾಕ್ತಾರಂತೆ. ಸುಕ್ಕು ತುಂಬಿ ಬರ್ತದಂತೆ."

"ಬರ್ತದೆ. ಆಮೇಲೆ ಆ ಮೇಣ ಜಾರಿ ಎಲ್ಲೆಲ್ಲೋ ಹೋಗಿ ಗಂಟು ಕಟ್ತದೆ. ನಂತರ ನಿಮಗೆ ರಾಕ್ಷಸನ ವೇಷ ಸಿಗಬಹುದು. ಬಣ್ಣದ ಖರ್ಚೂ ಇಲ್ಲ." ರೇಮಂಡರು ನಕ್ಕು, ಎದ್ದು ಅವನ ಹಿಂದೆ ನಿಂತರು. ಎರಡೂ ಅಂಗೈಗಳನ್ನು ಕಿವಿಗಳ ಕೆಳಗೆ ಒತ್ತಿ ಚರ್ಮವನ್ನು ಹಿಂದಕ್ಕೆ ಎಳೆದರು. "ಕನ್ನಡಿ ನೋಡಿ. ಕೊಯ್ದರೆ ಹೀಗೆ ಕಾಣ್ತದೆ."

ಕನ್ನಡಿಯೊಳಗೆ ಇಪ್ಪತ್ತೆರಡು ವರ್ಷದ ಹಿಂದಿನ ಕುತ್ತಿಗೆ ಇತ್ತು. ಯಾದವ ಅದನ್ನು ಬಹಳ ಹೊತ್ತು ನೋಡಿದ. ಡಾಕ್ಟರು ಕೈ ಬಿಟ್ಟರು, ಅದು ಹೋಯಿತು. ಆದರೆ ಅವನಿಗೆ ಬೇಕಾದದ್ದು ಸಿಕ್ಕಿತ್ತು. ಕತ್ತರಿ ಬೇಡ. ಆ ಎರಡು ಕೈಗಳು ಮೂರು ಗಂಟೆ ಅಲ್ಲೇ ಇದ್ದರೆ ಸಾಕು.

ಅವನ ಹೆಂಡತಿ ಕುಮುದಿನಿ ಬಂದರಿನ ವ್ಯಾಪಾರಿ ರವೂಫ್ ಸಾಹೇಬರಿಗೆ ಕೊಡ್ಡಾಯಿ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಗಳನ್ನು ತೊಳೆದು ಒಣಗಿಸಿ ಕೊಡುವವಳು. ಒಳ್ಳೆಯವು ಹಡಗು ಹತ್ತಿ ಹೋಗುತ್ತಿದ್ದವು. ಹರಿದವು ಮನೆಯಲ್ಲೇ ಉಳಿದು, ಬೆಂದು ಅಂಟಾಗುತ್ತಿದ್ದವು. ಆ ಕೇರಿಯಲ್ಲಿ ಮುರಿದದ್ದೆಲ್ಲ ಅದರಿಂದಲೇ ಕೂಡಿಕೊಳ್ಳುತ್ತಿತ್ತು. ಮಣೆಯ ಕಾಲು, ಪೆಟ್ಟಿಗೆಯ ಮುಚ್ಚಳ, ನಾಟಕ ಕಂಪನಿಯ ಪೂವಪ್ಪ ಮಾಸ್ತರರ ಹಾರ್ಮೋನಿಯಮ್ಮಿನ ಪಟ್ಟಿ. ಒಮ್ಮೆ ಒಣಗಿತೆಂದರೆ ಮರ ಬೇರೆ ಕಡೆ ಮುರಿಯುತ್ತಿತ್ತೇ ಹೊರತು ಅಂಟು ಬಿಡುತ್ತಿರಲಿಲ್ಲ.

ಗಂಡನ ಉಪಾಯದಂತೆ ಶುಕ್ರವಾರ ಬೆಳಿಗ್ಗೆ ಕುಮುದಿನಿ ಅಂಟಿನ ಚಟ್ಟಿಯನ್ನು ಒಲೆಯ ಮೇಲಿಟ್ಟಳು. "ನನ್ನ ಕುತ್ತಿಗೆ ನೋಡಿ. ಹದಿನೈದು ವರ್ಷ ಮೀನಿನ ಬುಟ್ಟಿ ಹೊತ್ತದ್ದು. ಇಸ್ತ್ರಿ ಹಾಕು ಅಂತ ಯಾರಾದರೂ ಹೇಳಿದ್ದಾರಾ?"

"ನೀನು ಬಲ್ಬಿನ ಎದುರು ನಿಲ್ಲುವುದಿಲ್ಲ."

"ನಿಂತರೂ ನನಗೆ ಹದಿನೆಂಟು ಅಂತ ಸುಳ್ಳು ಹೇಳುವುದಿಲ್ಲ. ಅಲ್ಲಾಡಬೇಡಿ, ಬಿಸಿ ಉಂಟು."

ಹಳೆಯ ತೆಳು ಮಲ್ಲು ಬಟ್ಟೆಯ ನಾಲ್ಕು ಪಟ್ಟಿಗಳನ್ನು ಅವಳು ಅಂಟಿನಲ್ಲಿ ಅದ್ದಿ, ಕಿವಿಗಳ ಕೆಳಗೆ ಎರಡೆರಡರಂತೆ ಹಚ್ಚಿದಳು. ಒಣಗಿದ ಮೇಲೆ ಅವುಗಳ ತುದಿಗೆ ಬಲೆಯ ದಾರ ಪೋಣಿಸಿ, ಹಿಂದಕ್ಕೆ ಎಳೆದು, ಮುಡಿಯ ಅಡಿಯಲ್ಲಿ ಮರೆಯಾಗುವ ಹಾಗೆ ಬಲೆಗಾರರ ಗಂಟು ಹಾಕಿದಳು. ಎಳೆದಷ್ಟೂ ಬಿಗಿಯುವ ಗಂಟು ಅದು. ಕುತ್ತಿಗೆ ನಯವಾಯಿತು. ಕುಮುದಿನಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ದೋಣಿಯ ಬಿರುಕು ಮುಚ್ಚಿದವರ ಹಾಗೆ ತೃಪ್ತಿಯಿಂದ ಕೈ ಒರೆಸಿಕೊಂಡಳು.

ಬಿಗಿದದ್ದು ಅಲ್ಲಾಡಬಾರದು ಎಂಬುದು ಆ ಮನೆಯ ಕೆಲಸದ ರೀತಿ. ಬಾಯಿ ಮುಚ್ಚಿ, ನೇರ ಕುಳಿತವನ ಅಳತೆಗೆ ಅವರು ಕಟ್ಟಿದ್ದರು. ಒಮ್ಮೆ ಹಾಡಿ ನೋಡುವ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಯಾದವ ಪೂರ್ತಿ ವೇಷದಲ್ಲಿ ರಂಗಕ್ಕೆ ಬಂದು ಹನ್ನೆರಡು ಬಲ್ಬುಗಳ ಎದುರು ನಿಂತ. ಚಿತ್ತರಂಜನ ಕುರ್ಚಿಯಿಂದ ಎದ್ದು ಹತ್ತಿರ ಬಂದ. ಎಡದಿಂದ ನೋಡಿದ, ಬಲದಿಂದ ನೋಡಿದ.

"ಹದಿನೆಂಟು," ಎಂದ. "ಎಂತ ಮಾಡಿದ್ರಿ ಅಂತ ನಾನು ಕೇಳುವುದಿಲ್ಲ. ಪಾತ್ರ ನಿಮ್ಮದೇ."

ಯಾದವ ಪೌಲನ ಕಡೆ ನೋಡಲಿಲ್ಲ. ಗೆದ್ದವನು ನೋಡಬೇಕಾಗಿಯೂ ಇರಲಿಲ್ಲ.

"ಮೂರನೆಯ ಅಂಕದ ಪದ ಒಮ್ಮೆ ಹೇಳುವ," ಎಂದು ಪೂವಪ್ಪ ಮಾಸ್ತರರು ಹಾರ್ಮೋನಿಯಂ ಎಳೆದುಕೊಂಡರು. ಸೆರೆಮನೆಯಿಂದ ಹೊರಬಂದ ಹೇಮಕಾಂತೆ ಆಕಾಶ ನೋಡಿ ಹಾಡುವ ಪದ ಅದು. ಕೊನೆಯ ಸಾಲು ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ನಿಲ್ಲಬೇಕು. ಯಾದವ ಆ ಸ್ವರಕ್ಕಾಗಿಯೇ ಹೆಸರಾದವನು.

ಅವನು ಏರಿದ. ಗಂಟಲು ಮೇಲೇಳಬೇಕಾದಲ್ಲಿ ಪಟ್ಟಿಗಳು ಹಿಂದಕ್ಕೆ ಜಗ್ಗಿದವು. ಸ್ವರ ಅರ್ಧದಲ್ಲೇ ತೆಳ್ಳಗಾಗಿ ನಿಂತುಹೋಯಿತು. ಮಾಸ್ತರರು ಹಾರ್ಮೋನಿಯಮ್ಮಿನಲ್ಲಿ ಆ ಸ್ವರದ ಮನೆಯನ್ನು ಒತ್ತಿ ಹಿಡಿದು ಕಾದರು. ಎರಡನೆಯ ಸಲವೂ ಹಾಗೆಯೇ.

"ಶ್ರುತಿ ಇಳಿಸುವುದಾ?" ಎಂದರು ಮಾಸ್ತರರು ಮೆಲ್ಲಗೆ.

"ಬೇಡ," ಎಂದ ಚಿತ್ತರಂಜನ. "ಕುತ್ತಿಗೆ ಹೀಗೆಯೇ ಇರಲಿ. ಪದವನ್ನು ಪರದೆಯ ಹಿಂದೆ ನಿಂತು ಪೌಲ್ ಹೇಳ್ತಾನೆ. ಯಾದವಣ್ಣ ಬಾಯಿ ಆಡಿಸಿದರೆ ಆಯ್ತು."

ಪೌಲ್ ಕಾಲು ನೋಡುತ್ತ ಹೇಳಿದ, "ಯಾದವಣ್ಣ ಎದುರು ನಿಂತಿರುವಾಗ ನಾನು ಅವರ ಪದ ಹೇಳುವುದಾ? ನನ್ನಿಂದ ಆಗುವುದಿಲ್ಲ ಧಣಿ."

"ನಿನ್ನನ್ನು ಯಾರು ಕೇಳಿದ್ರು?"

ಯಾದವ ಇಬ್ಬರ ಮಾತನ್ನೂ ಕೇಳುತ್ತ ನಿಂತಿದ್ದ. ನಾಲ್ಕು ದಿನ ಅವನು ಪಾತ್ರ ಹೋಗುತ್ತದೆಂದು ಹೆದರಿದ್ದ. ಈಗ ಪಾತ್ರ ಸಿಕ್ಕಿತ್ತು, ಮತ್ತು ಅದರಲ್ಲಿ ಅವನು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಒಂದು ಕುತ್ತಿಗೆಯನ್ನು ಹೊತ್ತು ನಿಲ್ಲುವ ಕೆಲಸ. ಬಟ್ಟೆಯಂಗಡಿಯ ಗೊಂಬೆಗೆ ಅದು ಅವನಿಗಿಂತ ಚೆನ್ನಾಗಿ ಬರುತ್ತದೆ. ಈ ಯೋಚನೆಯಿಂದ ಅವನಿಗೆ ದುಃಖವಾಗಲಿಲ್ಲ. ತಲೆ ತಿಳಿಯಾಯಿತು.

ಬಣ್ಣದ ಪೆಟ್ಟಿಗೆಯಿಂದ ಕತ್ತರಿ ತೆಗೆದುಕೊಂಡು, ಕೈಯನ್ನು ಮುಡಿಯ ಹಿಂದೆ ಹಾಕಿ, ದಾರ ಕತ್ತರಿಸಿದ. ಚರ್ಮ ಇಳಿಯಿತು. ಪಟ್ಟಿಗಳು ಕಿವಿಯ ಕೆಳಗೆ ನೇತಾಡುತ್ತಿರುವಾಗಲೇ ಕೊನೆಯ ಸಾಲನ್ನು ಎತ್ತಿಕೊಂಡು ಮೇಲಿನ ಷಡ್ಜದಲ್ಲಿ ನಿಂತ. ಮಾಸ್ತರರು ಹಾರ್ಮೋನಿಯಂ ನುಡಿಸುವುದನ್ನೇ ಬಿಟ್ಟರು. ಸ್ವರ ಒಂಟಿಯಾಗಿ, ತಗಡಿನ ಮಾಡಿನ ಕೆಳಗೆ, ಅವನು ಬೇಕೆಂದಷ್ಟು ಹೊತ್ತು ನಿಂತಿತು.

"ಸ್ವರ ಉಂಟು," ಎಂದ ಚಿತ್ತರಂಜನ ಬೇಸರದಿಂದ. "ಇಲ್ಲ ಅಂದವರು ಯಾರು? ಕುತ್ತಿಗೆಗೆ ಎಂತ ಮಾಡುವುದು?"

"ಧಣಿ, ಹೇಮಕಾಂತೆ ಸೆರೆಮನೆಯಲ್ಲಿ ಎಷ್ಟು ವರ್ಷ?"

"ಹದಿನಾರು."

"ಹದಿನಾರು ವರ್ಷ ಕತ್ತಲೆಯಲ್ಲಿ ಕೂತವಳ ಕುತ್ತಿಗೆ ಹೇಗಿರ್ತದೆ?"

ಚಿತ್ತರಂಜನ ಮಾಸ್ತರರ ಕಡೆ ತಿರುಗಿದ.

"ನಮ್ಮ ಕಂಪನಿಯಲ್ಲಿ ರಾಣಿಯರು ಹೋದ ಹಾಗೆಯೇ ಹೊರಗೆ ಬರ್ತಾರೆ. ಮುಡಿಯ ಹೂವು ಕೂಡ ಬಾಡಿರುವುದಿಲ್ಲ. ನಾನೇ ಹಾಗೆ ಬಂದಿದ್ದೇನೆ, ಎಷ್ಟೋ ಸಲ. ಹದಿನಾರು ವರ್ಷ ಅಂತ ಪುಸ್ತಕದಲ್ಲಿ ಬರೆದದ್ದುಂಟು. ನಾವು ಬಾಯಲ್ಲಿ ಹೇಳ್ತೇವೆ, ಅಷ್ಟೆ." ಯಾದವ ಪಟ್ಟಿಯೊಂದನ್ನು ಎಳೆದ. ಅಂಟಿನ ಜೊತೆ ಚೂರು ಚರ್ಮವೂ ಬಂತು. "ಮೊದಲ ಎರಡು ಅಂಕ ಪೌಲ್ ಮಾಡಲಿ. ಮೂರನೆಯದು ನನಗೆ. ಕುತ್ತಿಗೆಗೆ ಬಣ್ಣ ಬೇಡ, ಸರ ಬೇಡ."

"ಒಬ್ಬಳು ಹೇಮಕಾಂತೆಗೆ ಇಬ್ಬರಾ? ಜನ ನಗ್ತಾರೆ ಮಾರಾಯ್ರೆ."

"ನಕ್ಕರೆ ಭಾನುವಾರದಿಂದ ಮೂರೂ ಅಂಕ ಪೌಲನದ್ದೇ. ನಾನು ಪರದೆ ಎಳೀತೇನೆ."

ಚಿತ್ತರಂಜನ ಬಲ್ಬುಗಳನ್ನು ನೋಡಿದ, ಅವನ ಕುತ್ತಿಗೆಯನ್ನು ನೋಡಿದ. "ಒಂದು ಆಟ," ಎಂದ. "ಒಂದೇ."

ಶನಿವಾರ ಸಂಜೆ ಕುರ್ಚಿಗಳೆಲ್ಲ ತುಂಬಿದ್ದವು. ಎರಡು ಅಂಕ ಪೌಲ್ ನಡೆದ, ನಾಚಿದ, ಅತ್ತ. ಕಲಿಸಿದ್ದಕ್ಕಿಂತ ಚೆನ್ನಾಗಿಯೇ ಮಾಡಿದ. ರಂಗದ ಪಕ್ಕದಲ್ಲಿ ಮರೆಯಾಗಿ ನಿಂತು ನೋಡುತ್ತಿದ್ದ ಯಾದವನಿಗೆ ಒಮ್ಮೆ ಹೊಟ್ಟೆ ಉರಿಯಿತು, ಅದು ಬೇಗನೆ ಆರಿತು. ಎರಡನೆಯ ಅಂಕದ ಕೊನೆಗೆ ಪೌಲನನ್ನು ಸೆರೆಮನೆಯ ಬಾಗಿಲೊಳಗೆ ದೂಡಿದರು. ಪರದೆ ಬಿತ್ತು.

ಪರದೆ ಎದ್ದಾಗ ಅದೇ ಬಾಗಿಲು ತೆರೆಯಿತು. ಅದೇ ಸೀರೆ, ಬಣ್ಣ ಮಾಸಿದ್ದು. ಯಾದವ ಹೊರಗೆ ಬಂದು, ಅವಸರ ಮಾಡದೆ, ಹನ್ನೆರಡು ಬಲ್ಬುಗಳ ಅಂಚಿನವರೆಗೂ ನಡೆದುಬಂದು ಗಲ್ಲ ಎತ್ತಿದ. ಒಂದೊಂದು ಗೆರೆಯೂ ಕುರ್ಚಿಯ ಸಾಲಿಗೆ ಕಾಣುವಷ್ಟು.

ಕುರ್ಚಿಗಳ ನಡುವೆ ಯಾರೋ ಗಂಟಲು ಸರಿಮಾಡಿಕೊಂಡರು. ಒಬ್ಬ ಪಕ್ಕದವನನ್ನು ಕೇಳಿದ, "ಇವಳು ಯಾರು? ತಾಯಿಯಾ?"

ಹೆಂಗಸರ ಕಡೆಯಿಂದ ಒಬ್ಬಳು ಗದರಿಸುವ ಸ್ವರದಲ್ಲಿ ಹೇಳಿದಳು, "ಅವಳೇ. ಹದಿನಾರು ವರ್ಷ ಒಳಗೆ ಹಾಕಿದ್ರಲ್ಲ. ನೋಡಿ, ಎಂತ ಮಾಡಿಟ್ಟಿದ್ದಾರೆ ಹುಡುಗಿಯನ್ನು."

ಯಾದವ ಎಲ್ಲರನ್ನೂ ಕಾಯಿಸಿದ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಜನ ತನ್ನನ್ನು ಚೆಂದವೆಂದು ನೋಡುತ್ತಿಲ್ಲ, ನಂಬಿ ನೋಡುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು. ಅದು ಅವನಿಗೆ ಬಹಳ ಹಿಡಿಸಿತು. ನಂತರ ಪದ ಎತ್ತಿಕೊಂಡ.

ಮೂರು ಸಲ ಹಾಡಿಸಿದರು. ಮೂರನೆಯ ಸಲ ಮುಗಿಸಿ ಒಳಗೆ ಬಂದಾಗ ಚಿತ್ತರಂಜನ ಪೆನ್ಸಿಲು ಹಿಡಿದು ನಾಳೆಯ ನೋಟೀಸಿನ ಮೇಲೆ ಬಗ್ಗಿದ್ದ.

"ಎರಡು ಹೆಸರು ಹಾಕಬೇಕಲ್ಲ ಯಾದವಣ್ಣ. ಯಾರದ್ದು ಮೊದಲು?"

ಯಾದವ ಮುಡಿ ಬಿಚ್ಚುತ್ತ ಯೋಚಿಸಿದ. "ಪೌಲನದ್ದು ಹಾಕಿ, ಮೊದಲ ಅಂಕ ಅವನದ್ದು. ನನ್ನದು ಅದರ ಕೆಳಗೆ," ಎಂದು ಬೆರಳಿನಿಂದ ಅಳತೆ ತೋರಿಸಿದ, "ಇಷ್ಟು ದೊಡ್ಡ ಅಕ್ಷರದಲ್ಲಿ."