ಮುದ್ದೆಕೋಲು ಮತ್ತು ಡಾಕ್ಟರ ಚೀಟಿ

ಹೆಂಗಸಿನ ಕೈಯಿಂದ ಬಳೆ ಬೇಕಾದರೆ ಕಿತ್ತುಕೊಳ್ಳಿ, ಮುದ್ದೆಕೋಲು ಕಿತ್ತುಕೊಳ್ಳಬೇಡಿ. ಬಸ್ತಿಹಳ್ಳಿಯ ಹನುಮಮ್ಮ ಮೂವತ್ತು ವರ್ಷ ಹನ್ನೊಂದು ಜನರ ಹಿಟ್ಟನ್ನು ಒಬ್ಬಳೇ ತಿರುವಿದವಳು. ಓರಗಿತ್ತಿ ಗಿಡ್ಡಮ್ಮನದು ಈರುಳ್ಳಿ ಹೆಚ್ಚುವ ಕೆಲಸ, ಅಷ್ಟೇ.

ಯುಗಾದಿ ಕಳೆದದ್ದೇ ಹನುಮಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕೂ ಏಳಲಿಲ್ಲ, ಕೋಲು ಗಿಡ್ಡಮ್ಮನ ಪಾಲಾಯಿತು. ಅಭ್ಯಾಸವಿಲ್ಲದ ಅವಳ ಭುಜವೂ ತಿಂಗಳಲ್ಲೇ ಹಿಡಿದುಕೊಂಡಾಗ ಹನುಮಮ್ಮನಿಗೆ, ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಆ ಘಾಟಿ ಹೆಂಗಸು ಹಳೇಬೀಡಿನಲ್ಲಿ ಫಿಸಿಯೋಥೆರಪಿ ಮಾಡುವ ಹೇಮಾಶ್ರೀಯ ಹತ್ತಿರ ಹೋಗಿ ಹೋಗಿ ಭುಜ ಸರಿಮಾಡಿಕೊಂಡು ಬಂದುಬಿಟ್ಟಳು.

"ನನ್ನೂ ಕರ್ಕೊಂಡೋಗೇ" ಅಂದರೆ, "ಡಾಕ್ಟ್ರು ಚೀಟಿ ಬರ್ಕೊಡ್ಬೇಕು ಕಣಕ್ಕ. ಇಲ್ದಿದ್ರೆ ಬಾಗ್ಲೊಳಕ್ಕೂ ಬಿಡಲ್ಲ" ಅಂದಳು ಗಿಡ್ಡಮ್ಮ.

ಚೀಟಿಗೆಂದು ಹನುಮಮ್ಮ ಎರಡು ಸಲ ಹಾಸನಕ್ಕೆ ಹೋದಳು. ಒಮ್ಮೆ ಡಾಕ್ಟರು ರಜ, ಇನ್ನೊಮ್ಮೆ ಬರೀ ಮಾತ್ರೆ. ಮನೆಯಲ್ಲಿ ನೋಡಿದರೆ ಗಂಡ ಕರಿಯಪ್ಪ ಗಿಡ್ಡಮ್ಮನ ಮುದ್ದೆ ಮುರಿಯುತ್ತ, "ಒಂದು ಗಂಟಿಲ್ಲ ಕಣೇ, ಬೆಣ್ಣೆ ಇದ್ದಂಗೈತೆ" ಅಂದ! ಹನುಮಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಆ ಬಾಯಿಂದ ಇಂಥ ಮಾತು ಬಂದಿರಲಿಲ್ಲ.

ಮಾರನೆಯ ದಿನ ಗಿಡ್ಡಮ್ಮ ಹೊಲಕ್ಕೆ ಹೋದದ್ದೇ ತಡ, ಅವಳ ಪೆಟ್ಟಿಗೆ ತೆಗೆದು ಆಸ್ಪತ್ರೆಯ ಫೈಲನ್ನು ಸೆರಗಿನಡಿ ಸೇರಿಸಿದಳು. ಒಂದು ಮನೆಯ ರೇಷನ್ ಕಾರ್ಡಿಗೆ ಯಾರು ಹೋದರೂ ಅಕ್ಕಿ ಕೊಡುವುದಿಲ್ಲವೇ? ಚೀಟಿಯೂ ಹಾಗೇ ಅಂದುಕೊಂಡು ಹಳೇಬೀಡಿಗೆ ನಡೆದಳು.

ಹೇಮಾಶ್ರೀ ಫೈಲನ್ನು ತಿರುವಿಹಾಕಿ ನಕ್ಕಳು. "ಇದ್ರಲ್ಲಿ ಡಾಕ್ಟರ ಚೀಟಿನೇ ಇಲ್ವಲ್ಲ ಅಮ್ಮ. ಗಿಡ್ಡಮ್ಮನವರು ಸೀದಾ ಬಂದಿದ್ರು, ನೀವೂ ಸೀದಾ ಬರಬಹುದು. ನಾನು ನೋಡಿ, ನನ್ನ ಕೈಲಾಗದ್ದಿದ್ರೆ ನಾನೇ ಡಾಕ್ಟರ ಹತ್ರ ಕಳಿಸ್ತೀನಿ. ಅಕ್ಕನಿಗೂ ಭುಜ ಹಿಡ್ಕೊಂಡಿದೆ ಅಂದಿದ್ರು, ಅವರನ್ನೂ ಕರ್ಕೊಂಡು ಬನ್ನಿ ಅಂತ ಅವತ್ತೇ ಹೇಳಿದ್ದೆ. ಹೇಳ್ಲಿಲ್ವಾ?"

ಭುಜ ತೋರಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಹನುಮಮ್ಮನ ಬಾಯಲ್ಲಿ ಹತ್ತು ಶಾಪ ಸಿದ್ಧವಾಗಿದ್ದವು. ಗಿಡ್ಡಮ್ಮ ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದಳು.

"ಯಾಕೇ ಸುಳ್ಳು ಹೇಳ್ದೆ, ಮನೆಹಾಳಿ?"

ಗಿಡ್ಡಮ್ಮ ಫೈಲು ನೋಡಿದಳು. ಮುಖ ಕಪ್ಪಿಟ್ಟಿತು. "ನಿನ್ ಕೈ ಸರಿಹೋದ್ರೆ ಕೋಲು ಕಿತ್ಕೊಂಡು ನನ್ನ ಮತ್ತೆ ಮೂಲೆಗೆ ಕೂರಿಸ್ತಿದ್ದೆ. ಇಪ್ಪತ್ತೆರಡು ವರ್ಷ ನಿನ್ನ ನೋಡಿ ಹೊಟ್ಟೆ ಉರ್ಕೊಂಡಿದೀನಿ ಕಣಕ್ಕ" ಎಂದು ಅತ್ತೇಬಿಟ್ಟಳು.

ಹನುಮಮ್ಮನಿಗೆ ಶಾಪ ಮರೆತುಹೋಯಿತು. ನಾಲ್ಕು ತಿಂಗಳ ಉರಿಗೇ ತಾನು ಫೈಲು ಕದ್ದಿದ್ದಳು. ತನ್ನನ್ನು ನೋಡಿಯೂ ಒಬ್ಬಳು ಉರಿದುಕೊಂಡಳಲ್ಲ ಎಂದು ಒಳಗೊಳಗೇ ಹಿಗ್ಗಾಯಿತು, ಆ ಹಿಗ್ಗಿಗೆ ನಾಚಿಕೆಯೂ ಆಯಿತು.

"ನಾಳೆಯಿಂದ ನಾನೂ ಹೋಗ್ತೀನಿ. ಕೈ ಎದ್ದ ದಿನ ಕೋಲು ಕೇಳ್ತೀನಿ" ಅಂದಳು.

ಗಿಡ್ಡಮ್ಮ ಕಣ್ಣೊರೆಸಿಕೊಂಡು ಕೋಲನ್ನು ಬಿಗಿಯಾಗಿ ಹಿಡಿದಳು. "ಕೊಡಲ್ಲ."

ಇಪ್ಪತ್ತೆರಡು ವರ್ಷದ ಹಿಂದೆ, ಹೊಸದಾಗಿ ಬಂದ ಕಿರಿಸೊಸೆ ಇದೇ ಒಲೆಯ ಮುಂದೆ ಆಸೆಯಿಂದ ಕೋಲಿಗೆ ಕೈಚಾಚಿದಾಗ, ಹನುಮಮ್ಮ ತಲೆ ಕೂಡ ಎತ್ತದೆ ಹೇಳಿದ್ದೂ ಅದೇ ಮಾತು.