ನೀಲವೇಣಿ ಮನೆಗೆ ಬಂದ ದಿನ

ಬಂಗಾರಪೇಟೆಯ ಶೋರೂಮಿನಲ್ಲಿ ಆ ಗಾಡಿಯನ್ನು ಮೊದಲು ನೋಡಿದಾಗ ನನ್ನ ಮೈದುನ ಸುಧಾಕರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀಲವೇಣಿ ಮೋಟಾರ್ಸಾ? ಅತ್ತಿಗೆ, ಇದು ಗಾಡಿ ಕಂಪ್ನಿನಾ, ಸೀರೆ ಅಂಗಡಿನಾ? ನಾಳೆ ಒಂದು ಕನ್ನಡಿ ಒಡೆದೋದ್ರೆ ಎಲ್ಲಿಂದ ತತ್ತೀರ?"

"ನಿನ್ ತಲೆ ಒಡೆದ್ರೆ ಇನ್ನೊಂದು ಎಲ್ಲಿ ಸಿಗ್ತದೋ ಅಲ್ಲಿಂದ್ಲೇ ತತ್ತೀನಿ, ಸುಮ್ಕಿರು," ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಊರಿಗೆಲ್ಲ ಗೊತ್ತಿರುವ ವಿಷಯ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಕ್ಯಾಸಂಬಳ್ಳಿಯಲ್ಲಿ ಆ ಕಂಪನಿಯ ಹೆಸರು ಕೇಳಿದವರು ಒಬ್ಬರೂ ಇಲ್ಲ. ಆದರೆ ನಾನು ಹೆಸರು ನೋಡಿ ಗಾಡಿ ಹುಡುಕುತ್ತಿರಲಿಲ್ಲ, ನನ್ನ ಗಂಡನ ಎಡಗಾಲು ನೋಡಿ ಹುಡುಕುತ್ತಿದ್ದೆ. ನಮ್ಮವರು, ಮುನಿರಾಜು, ಹತ್ತೊಂಬತ್ತನೇ ವಯಸ್ಸಿನಿಂದ ತರಕಾರಿ ಟೆಂಪೋ ಓಡಿಸಿದವರು. ಎರಡು ವರ್ಷದ ಹಿಂದೆ ಬೇತಮಂಗಲದ ರಸ್ತೆಯಲ್ಲಿ ಟೆಂಪೋ ಮಗುಚಿ ಎಡಗಾಲು ಮುರಿಯಿತು. ಮೂಳೆ ಕೂಡಿಕೊಂಡಿತು, ಬಲ ಬರಲಿಲ್ಲ. ಕ್ಲಚ್ ತುಳಿಯಲು ಆಗದು. ಅಂದಿನಿಂದ ಬಸ್ಸು ಹತ್ತಿದರೂ ಡ್ರೈವರ್ ಸೀಟಿನ ಕಡೆ ತಿರುಗಿ ನೋಡದೆ ಹಿಂದೆ ಹೋಗಿ ಕೂರುತ್ತಿದ್ದರು. 

ನೀಲವೇಣಿ ಕರೆಂಟಿನ ಗಾಡಿ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಮೆಟ್ಟಿಲು ಎಷ್ಟು ತಗ್ಗೆಂದರೆ ಎಡಗಾಲನ್ನು ಕೈಯಲ್ಲಿ ಎತ್ತಿಕೊಳ್ಳದೆಯೇ ಹತ್ತಬಹುದು. ಹಿಂದೆ ಮೂವತ್ತು ಕ್ರೇಟ್ ಟೊಮೆಟೊ ಹಿಡಿಯುತ್ತದೆ. ಬೆಳಿಗ್ಗೆ ಬೆಳಿಗ್ಗೆ ತುಂಬಿಕೊಂಡು ಕೆಜಿಎಫ್‌ನ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಹೋಗಿ ಮಾರಿ ಬರುವುದು ನನ್ನ ಲೆಕ್ಕಾಚಾರ. ಬಲಗಾಲು ಗಟ್ಟಿಯಾಗಿದೆ, ಇಂಥ ಗಾಡಿಯಾದರೆ ಓಡಿಸಬಹುದು ಎಂದು ಡಾಕ್ಟರೂ ಬರೆದುಕೊಟ್ಟಿದ್ದರು. ನಮ್ಮವರು ಮೂರು ದಿನ ಯೋಚನೆ ಮಾಡಿ ಕೊನೆಗೆ, "ಇದೊಂದೇ ಸಲ ಕಣೇ ಸ್ಯಾಮ್ಲಾ. ಇದೂ ಆಗ್ಲಿಲ್ಲಾಂದ್ರೆ ಇನ್ಯಾವತ್ತೂ ನಂಗೆ ಗಾಡಿ ಅತ್ತು ಅನ್ಬೇಡ," ಎಂದರು.

ಶುಕ್ರವಾರ ಬೆಳಿಗ್ಗೆ ಶೋರೂಮಿನ ಹುಡುಗನೇ ಗಾಡಿ ತಂದು ನಿಲ್ಲಿಸಿದ. ಪೂಜೆಯಾದ ಮೇಲೆ ತಾವು ಹತ್ತುವುದೆಂದು ನಮ್ಮವರ ಹಟ. ನಮ್ಮತ್ತೆ ಮುನಿನಾರಾಯಣಮ್ಮ ನಾಲ್ಕು ಚಕ್ರಕ್ಕೂ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆಸಿದರು. ನಾನು ಬಂದವರಿಗೆ ಕಾಫಿ ಕೊಡುವ ಗಡಿಬಿಡಿಯಲ್ಲಿದ್ದೆ. ಎಲ್ಲ ಮುಗಿದು ಹುಡುಗನೂ ಹೊರಟ ಮೇಲೆ ಬ್ಯಾಟರಿ ತೀರಾ ಕಮ್ಮಿ ಇದೆಯೆಂದು ವೈರು ಎಳೆದು ಗಾಡಿಗೆ ಚುಚ್ಚಿದೆವು.

ಕೆಂಪು ದೀಪ.

ತೆಗೆದು ಚುಚ್ಚಿದೆವು. ಕೆಂಪು. ಪಕ್ಕದ ಮನೆಯ ಪ್ಲಗ್ಗಿಗೆ ಹಾಕಿದೆವು. ಅಲ್ಲೂ ಕೆಂಪು. ಸುಧಾಕರ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾನು ಬಡ್ಕೊಂಡೆ. ಕೇಳಿದ್ರಾ? ವಾಪಸ್ ಕೊಟ್ಬಿಡಿ ಅತ್ತಿಗೆ, ಇವತ್ತೇ ಕೊಟ್ಬಿಡಿ," ಎಂದ.

ನಾನು ಅವನಿಗೆ ಏನೋ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಎದ್ದು, ಕೈಯಲ್ಲಿದ್ದ ಗಾಡಿ ಕೀಲಿಯನ್ನು ಜಗಲಿಯ ಮೇಲಿಟ್ಟು, "ಓಗ್ಲಿ ಬಿಡು. ನನ್ ಅಣೇಬರಾನೇ ಇಷ್ಟು," ಎಂದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಹಟ ಹಿಡಿದು ತರಿಸಿದವಳು ನಾನು. ಅವರ ಆಸೆಯನ್ನು ಮತ್ತೆ ಚಿಗುರಿಸಿ ನಾನೇ ಚಿವುಟಿದೆನಲ್ಲಾ ಅನ್ನಿಸಿತು.

ಶೋರೂಮಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಬೈದೆ. ಎರಡು ಗಂಟೆಗೆ ಅವರ ಮೆಕ್ಯಾನಿಕ್ ವೇಣು ಬೈಕಿನಲ್ಲಿ ಬಂದ. ಪುಣ್ಯಾತ್ಮ, ಬಂದ ಕೂಡಲೇ ವೈರು ಚುಚ್ಚುವ ಕಿಂಡಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ಆಮೇಲೆ ನನ್ನ ಮುಖ ನೋಡಿದ. ಮತ್ತೆ ಕಿಂಡಿ ನೋಡಿದ.

"ಅಕ್ಕಾ, ಇದ್ರೊಳಗೆ ಇರುವೆ ಅವೆ."

"ಏನು?"

"ಇರುವೆ. ಸಾಲಾಗಿ ಓಗ್ತಾ ಅವೆ. ಬೆಲ್ಲ ಇಟ್ಟವ್ರೆ ಯಾರೋ. ಅಕ್ಕೀನೂ ಅದೆ."

ನಾನು ತಿರುಗಿ ನೋಡಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು.

"ನಾನೇ ಕಣಮ್ಮಾ ಇಟ್ಟಿದ್ದು. ಮನೆಗೆ ಒಸದಾಗಿ ಅಸ ಕರು ಬಂದ್ರೆ ಬಾಗ್ಲಲ್ಲೇ ಬಾಯಿಗೆ ಅಕ್ಕಿಬೆಲ್ಲ ಇಡಲ್ವಾ? ಇದ್ರ ಬಾಯೆಲ್ಲೋ ಅಂತ ಆ ಹುಡುಗನ್ನ ಕೇಳ್ದೆ, ಇದೇ ಅಜ್ಜಿ, ಇಲ್ಲೇ ತಿನ್ನೋದು ಅಂದ. ಮನೇಲಿ ನಿಲ್ಲಲಿ ಅಂತ ಒಂದು ಚಿಟಿಕೆ ಇಟ್ಟೆ."

ವೇಣು ನೆಲದ ಮೇಲೆ ಕೂತು ನಗತೊಡಗಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು, "ಅತ್ತೇ, ನಿಮ್ಗೆ ದೊಡ್ಡ ನಮಸ್ಕಾರ," ಎಂದೆ.

"ಗಾಡೀದೇನೂ ತಪ್ಪಿಲ್ಲ," ಎಂದ ವೇಣು, ಬ್ರಷ್ಷು ತೆಗೆಯುತ್ತ. "ಒಳಗೇನೋ ಸಿಕ್ಕೊಂಡದೆ ಅಂತ ಗೊತ್ತಾಗಿ ಅದೇ ಕರೆಂಟ್ ಬೇಡ ಅಂದದೆ. ಬುದ್ಧಿವಂತ ಗಾಡಿ." ನಾನು ಸುಧಾಕರನ ಕಡೆ ನೋಡಿದೆ. ಅವನು ಕುಂಬಳಕಾಯಿ ಚೂರು ಎತ್ತಿಹಾಕುವ ನೆಪದಲ್ಲಿ ಅತ್ತ ಸರಿದ.

ಊದಿ, ಒರೆಸಿ, ಏನೋ ಔಷಧಿ ಹೊಡೆದು, ಒಣಗಲು ಬಿಟ್ಟು ಮತ್ತೆ ಚುಚ್ಚಿದ. ಹಸಿರು ದೀಪ ಬಂತು. ನಾನು ಓಡಿಹೋಗಿ ನಮ್ಮವರನ್ನು ಅಲುಗಾಡಿಸಿ ಎಬ್ಬಿಸಿದೆ. ನಡೆದದ್ದನ್ನು ಹೇಳಿದರೆ ನಂಬಲಿಲ್ಲ. ಹೊರಗೆ ಬಂದು ಹಸಿರು ದೀಪವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವಾಗಿಯೇ ಕೇಳಿದರು: "ವೇಣಣ್ಣ, ಎಷ್ಟೊತ್ತಿಗೆ ಓಡಿಸ್ಬೋದು?"

ಐದು ಗಂಟೆಗೆ ಇಬ್ಬರ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತೆವು, ಅವರು, ನಾನು, ಅತ್ತೆ. ನಮ್ಮವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದರು. ಊರು ದಾಟುವವರೆಗೂ ಎತ್ತಿನ ಗಾಡಿಯ ಹಾಗೆ ಮೆಲ್ಲಗೆ ಬಿಟ್ಟರು. ಮುಖ್ಯ ರಸ್ತೆಗೆ ತಿರುಗುವಲ್ಲಿ ಪ್ರೈವೇಟ್ ಬಸ್ಸೊಂದು ಹಾರ್ನೂ ಹಾಕದೆ ಅಡ್ಡ ನುಗ್ಗಿತು. ಅತ್ತೆ "ಅಯ್ಯಯ್ಯೋ!" ಎಂದು ಕಣ್ಣು ಮುಚ್ಚಿಕೊಂಡರು. ನಮ್ಮವರು ಬಲಗಾಲಲ್ಲಿ ಬ್ರೇಕು ಒತ್ತಿ, ಗಾಡಿಯನ್ನು ಸಲೀಸಾಗಿ ಪಕ್ಕಕ್ಕೆ ತಂದು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

"ಏನ್ಲಾ ಏಯ್! ಕಣ್ಣು ಮನೇಲಿ ಮಡಗಿ ಬಂದಿದ್ದೀಯೇನ್ಲಾ? ರಸ್ತೆ ನಿಮ್ಮಪ್ಪಂದೇನ್ಲಾ?"

ಬಸ್ಸು ಕಣ್ಮರೆಯಾದರೂ, ಎರಡು ವರ್ಷದಿಂದ ಕೇಳದಿದ್ದ ಆ ಬಾಯಿ ನಿಲ್ಲಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು, ಮುಖ ಕೆಂಪಾಗಿತ್ತು. ನನಗೆ ಕಣ್ಣೀರು ದಳದಳನೆ ಇಳಿಯಿತು.

"ಸಾಕು ನಿಲ್ಸೋ ಮುನ್ರಾಜ, ಅವ್ನು ಆಗ್ಲೇ ಒಂಟೋದ," ಎಂದರು ಅತ್ತೆ.

"ಬೈಲಿ ಬಿಡಿ ಅತ್ತೆ," ಎಂದೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಇನ್ನೂ ನಾಕು ಬೈಲಿ."